ಊಟ ಸಾಲದು, ನೆರಳು ಮತ್ತು ನೀರು ಬೇಕು

ಶ್ರೀಶೈಲ ಪಾದಯಾತ್ರಿಗಳು ತಂಗುವ ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿ 'ಮೂರು ಹೊತ್ತು ದಾಸೋಹ ಇದ್ದರೆ ವ್ಯವಸ್ಥೆ ಪೂರ್ಣ' ಎಂದು ಲೇಖನವೊಂದರಲ್ಲಿ ಓದಿದೆ. ಇದನ್ನು ಒಪ್ಪಲಾಗದು. ನಮ್ಮ ಹಳ್ಳಿಗಳಲ್ಲಿ ಅನ್ನಕ್ಕೆ ಎಂದೂ ಕೊರತೆಯಿಲ್ಲ. ಯುಗಾದಿ ಮುಂಚಿನ ಬಿಸಿಲಲ್ಲಿ ನಡೆದು ಬಂದವರನ್ನು ಕಾಡುವುದು ನೀರಿನ ಮತ್ತು ಕಾಲಿನ ತೊಂದರೆ.

ಕಪ್ಪು ಸಿಂಟೆಕ್ಸ್ ಟ್ಯಾಂಕನ್ನು ಬಯಲಲ್ಲಿಟ್ಟರೆ ಮಧ್ಯಾಹ್ನದ ಹೊತ್ತಿಗೆ ನೀರು ಬಾಯಿಗಿಡಲಾಗದಷ್ಟು ಕಾದಿರುತ್ತದೆ. ಜನ ಎರಡು ಗುಟುಕು ಕುಡಿದು ಬಿಡುತ್ತಾರೆ, ಸಂಜೆ ತಲೆಸುತ್ತು ಶುರು. ಟ್ಯಾಂಕು ಬೇವಿನ ಮರದ ಕೆಳಗಿರಲಿ, ಸುತ್ತ ಒದ್ದೆ ಗೋಣಿಚೀಲ ಕಟ್ಟಿ. ಕುಡಿಯಲು ಮಣ್ಣಿನ ಗಡಿಗೆಗಳ ಅರವಟಿಗೆ ಬೇರೆಯೇ ಇರಬೇಕು. ಸುಸ್ತಾದವರಿಗೆ 1 ಲೀಟರ್ ಶುದ್ಧ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಕೊಡಿ, ಎರಡೂ ಮಟ್ಟಸವಾಗಿ. ಉಪ್ಪು ಹೆಚ್ಚಾದರೆ ಅಪಾಯ, ಕಣ್ಣಂದಾಜು ಬೇಡವೇ ಬೇಡ.

ತಗಡಿನ ಶೆಡ್ಡಿಗಿಂತ ಗುಡಿಯ ಕಲ್ಲಿನ ಪೌಳಿ, ಮರದ ನೆರಳು ಎಷ್ಟೋ ಮೇಲು. ಮಧ್ಯಾಹ್ನಕ್ಕೆ ಹುಗ್ಗಿ, ಭಜಿ ಬಡಿಸುವ ಬದಲು ಜೋಳದ ಅಂಬಲಿ, ಮಜ್ಜಿಗೆ ಕೊಡಿ, ಸಿಹಿ ರಾತ್ರಿಗಿರಲಿ.

ಕಾಲಿನ ವಿಷಯ: ಬಿಸಿನೀರಲ್ಲಿ ಬಹಳ ಹೊತ್ತು ನೆನೆಸಿದರೆ ಚರ್ಮ ಮೆತ್ತಗಾಗಿ ಮರುದಿನ ಬೊಬ್ಬೆ ಬೇಗ ಏಳುತ್ತದೆ. ತೊಳೆದು, ಬೆರಳಸಂದಿ ಒರೆಸಿ ಒಣಗಿಸಿದರೆ ಸಾಕು. ಬೊಬ್ಬೆಯ ಮೇಲಿನ ಚರ್ಮ ಕೀಳಬಾರದು, ಅದೇ ಗಾಯಕ್ಕೆ ಹೊದಿಕೆ. ಸಕ್ಕರೆ ಕಾಯಿಲೆ ಇದ್ದವರ ಅಂಗಾಲನ್ನು ಇನ್ನೊಬ್ಬರು ದಿನಾ ನೋಡಲೇಬೇಕು, ಮುಳ್ಳು ಚುಚ್ಚಿದ್ದೂ ಅವರಿಗೆ ತಿಳಿಯದೇ ಹೋಗಬಹುದು.