ಕಾಂಪೌಂಡಿನಾಚೆಯ ಬೀಗರು

ಇವತ್ತು ನಸುಕಿನ ನಾಲ್ಕಕ್ಕೆ ನಮ್ಮ ಹಿತ್ತಲಲ್ಲಿ ಏಳು ಹುಂಜಗಳು ಒಂದರ ಹಿಂದೊಂದು ಕೂಗಿದವು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಕೌದಿ ಹೊದ್ದು ಮಲಗಿದವರಿಗೆ ಇದೇನು ಸಂಕಟವೆಂದು ಬಿಡಿಸಿ ಹೇಳಬೇಕಿಲ್ಲ.

ಮೊಟ್ಟೆಯ ಆಸೆಗೆ ನಾಲ್ಕು ಗಿರಿರಾಜ ಹೇಂಟೆ ತಂದವನು ನಾನೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ರೂಪಿಸಿದ ಈ ತಳಿ ಜವಾರಿ ಕೋಳಿಯ ಎರಡು ಪಟ್ಟು ಮೊಟ್ಟೆ ಇಡುತ್ತದೆ. ಆದರೆ ಕಾವಿಗೆ ಕೂರುವುದಿಲ್ಲ. ಇಟ್ಟು, ಕೂಗಿ, ಮರೆತುಬಿಡುತ್ತದೆ.

ಹೀಗಿರುವಾಗ ಪಕ್ಕದ ಮನೆಯ ಕಾಕಾ ಅವರ ಜವಾರಿ ಹುಂಜ ಕಾಂಪೌಂಡು ಹಾರಿತು. ಮರುದಿನದಿಂದ ಕಾಕಾ ನನ್ನನ್ನು ‘ಬೀಗರೇ’ ಎನ್ನತೊಡಗಿದರು. ಒಮ್ಮೆ ಅಂದರೆ ತಮಾಷೆ. ಹಾಲಿನವನ ಎದುರಿಗೆ, ತರಕಾರಿ ಗಾಡಿಯ ಮುಂದೆ, ನನ್ನ ಮೇಲಧಿಕಾರಿ ಮನೆಗೆ ಬಂದಾಗಲೂ ಬೀಗರೇ! ಗಂಡಿನ ಕಡೆಯವರಾದ್ದರಿಂದ ಉಪಚಾರವೂ ಬೇಕು. ಸಂಜೆ ಐದಕ್ಕೆ ಗೋಡೆಗೆ ಮೊಳಕೈ ಊರಿ, “ಬರೀ ಚಹಾದಲ್ಲೇ ಮುಗಿಸುತ್ತೀರೋ?” ಎನ್ನುವರು. ಗಿರ್ಮಿಟ್ಟು ಕೊಟ್ಟರೆ ಮಿರ್ಚಿ ಎಲ್ಲಿ ಎಂಬ ಪ್ರಶ್ನೆ. ನನ್ನ ಮಗಳ ನಿಜವಾದ ಬೀಗರು ಇಷ್ಟು ಕಾಡಿಲ್ಲ.

ಕಾವಿಗೆ ಕೂತಿದ್ದ ತಮ್ಮ ಜವಾರಿ ಹೇಂಟೆಯ ಕೆಳಗೆ ನನ್ನ ಕೋಳಿಗಳ ಹನ್ನೊಂದು ಮೊಟ್ಟೆ ಇರಿಸಿದವರೂ ಅವರೇ. 21 ದಿನಕ್ಕೆ ಒಂಬತ್ತು ಮರಿ. ಬೆಳೆದ ಮೇಲೆ ನೋಡಿದರೆ ಏಳು ಹುಂಜ! “ನಿಮ್ಮ ಕಡೆಯ ದೋಷ” ಎಂದವರೇ ಎರಡೂ ಹೆಣ್ಣುಗಳನ್ನು ಎತ್ತಿಕೊಂಡು ಹೋದರು.

ಅವರ ಬಾಯಿ ಮುಚ್ಚಿಸಲೆಂದು ಪುಸ್ತಕ ತೆರೆದೆ. ಮನುಷ್ಯರಲ್ಲಿ ಮಗು ಹೆಣ್ಣೋ ಗಂಡೋ ಎಂಬುದನ್ನು ತೀರ್ಮಾನಿಸುವುದು ತಂದೆಯಿಂದ ಬರುವ ಎಕ್ಸ್ ಅಥವಾ ವೈ ಎಂಬ ವರ್ಣತಂತು (ಕ್ರೋಮೋಸೋಮ್). ಕೋಳಿಯಲ್ಲಿ ಎಲ್ಲ ತಿರುವುಮುರುವು: ಹುಂಜಕ್ಕೆ ಎರಡೂ ಜೆಡ್, ಹೇಂಟೆಗೆ ಒಂದು ಜೆಡ್, ಒಂದು ಡಬ್ಲ್ಯು. ಹೇಂಟೆ ಕೊಟ್ಟದ್ದು ಜೆಡ್ ಆದರೆ ಮರಿ ಹುಂಜ. ಅಂದರೆ ಕಾಕಾ ಹೇಳಿದ್ದೇ ಸರಿ. ಪುಸ್ತಕ ಮುಚ್ಚಿದೆ.

ನಮ್ಮ ಅಜ್ಜಿಗೆ ಸಾಲಾಗಿ ಐದು ಹೆಣ್ಣು. ಓಣಿಯವರೆಲ್ಲ ಅವಳನ್ನೇ ಆಡಿಕೊಂಡರಂತೆ. ಕಟ್ಟೆಯ ಮೇಲೆ ಎಲೆ ಅಡಿಕೆ ಮೆಲ್ಲುತ್ತ ಕೂತಿರುತ್ತಿದ್ದ ಅಜ್ಜನಿಗೆ ಯಾರೂ ಒಂದು ಮಾತು ಅಂದವರಲ್ಲ. ಅಜ್ಜಿ ಅಷ್ಟು ಕೋಳಿ ಸಾಕಿದ್ದಳು. ಈ ಲೆಕ್ಕ ಅವಳಿಗೆ ಹೇಳುವವರಿರಲಿಲ್ಲ.

ಜೆಡ್ಡು ಡಬ್ಲ್ಯುಗಳ ಸಂಗತಿ ಕಾಕಾನಿಗೆ ಇನ್ನೂ ತಿಳಿದಿಲ್ಲ, ನಾನಂತೂ ಬಾಯಿ ಬಿಡುವುದಿಲ್ಲ. ಇವತ್ತು ನಾಲ್ಕೂಕಾಲಿಗೆ ಅವರ ಕಿಟಕಿ ತೆರೆಯಿತು.

“ಬೀಗರೇ, ನಿಮ್ಮ ಮೊಮ್ಮಕ್ಕಳನ್ನು ಸ್ವಲ್ಪ ಸುಮ್ಮನಿರಿಸಿ!”