ನ್ಯಾಟ್‌ಗ್ರಿಡ್‌ನಲ್ಲಿ ಹುಡುಕಲು ನ್ಯಾಯಾಧೀಶರ ಅನುಮತಿ ಬೇಕೇ?

2008ರ ಮುಂಬೈ ದಾಳಿಯ ಬಳಿಕ ರೂಪುಗೊಂಡ ನ್ಯಾಟ್‌ಗ್ರಿಡ್, ಬ್ಯಾಂಕು, ವಲಸೆ, ವಿಮಾನ ಪ್ರಯಾಣ, ದೂರವಾಣಿ ಹೀಗೆ ಚದುರಿದ ದಾಖಲೆಗಳನ್ನು ಗುಪ್ತಚರ ಮತ್ತು ತನಿಖಾ ಸಂಸ್ಥೆಗಳಿಗೆ ಒಂದೆಡೆ ಒದಗಿಸುವ ಜಾಲ. ಅದರ ಬೆಂಗಳೂರು ಕಟ್ಟಡ 2022ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು.

ಪರ: ಒಪ್ಪಿಗೆ ಕೊಡುವವರು ಹೊರಗಿನವರಾಗಿರಲಿ

ಬ್ರಿಟನ್ನಿನ ಗುಪ್ತಚರ ಸಂಸ್ಥೆಗಳ ಆಂತರಿಕ ಟಿಪ್ಪಣಿಗಳು 2016ರಲ್ಲಿ ಹೊರಬಿದ್ದವು. ಅಪಾರ ಜನರ ವಿವರಗಳಿದ್ದ ದತ್ತಾಂಶವನ್ನು ಕೆಲವು ಸಿಬ್ಬಂದಿ ತಡಕಿದ್ದು ಯಾತಕ್ಕೆ? ಹುಟ್ಟುಹಬ್ಬದ ಕಾರ್ಡು ಕಳಿಸಲು ವಿಳಾಸ ಬೇಕಿತ್ತು! ಭಯೋತ್ಪಾದಕರನ್ನು ಹಿಡಿಯಲೆಂದು ಕೊಟ್ಟ ಅಧಿಕಾರ ಹೀಗೂ ಬಳಕೆಯಾಗುತ್ತದೆ. ಅದೇ ವರ್ಷ ಅಲ್ಲಿನ ಸಂಸತ್ತು ಕಾನೂನು ತಂದಿತು. ಇಂಥ ದತ್ತಾಂಶವನ್ನು ಇಟ್ಟುಕೊಳ್ಳಲು, ಬಳಸಲು ಸಚಿವರ ಸಹಿ ಸಾಲದು, ಉನ್ನತ ನ್ಯಾಯಾಧೀಶರಾಗಿ ಅನುಭವವಿರುವ ನ್ಯಾಯಾಂಗ ಆಯುಕ್ತರೂ ಒಪ್ಪಬೇಕು.

ನಮ್ಮಲ್ಲಿ? ನ್ಯಾಟ್‌ಗ್ರಿಡ್‌ಗೆ ತನ್ನದೇ ಕಾಯ್ದೆಯಿಲ್ಲ. 2011ರಲ್ಲೇ ಅದನ್ನು ಮಾಹಿತಿ ಹಕ್ಕಿನ ವ್ಯಾಪ್ತಿಯಿಂದ ಹೊರಗಿಡಲಾಯಿತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಸರ್ಕಾರಿ ಸಂಸ್ಥೆಯೊಂದಕ್ಕೆ ಪೂರ್ಣ ವಿನಾಯಿತಿ ಕೊಡಲು ಕೇಂದ್ರದ ಅಧಿಸೂಚನೆ ಸಾಕು. ದೂರವಾಣಿ ಕದ್ದಾಲಿಕೆಯ ಕಥೆಯೂ ಇದೇ: ಅನುಮತಿ ಕೊಡುವವರು ಗೃಹ ಕಾರ್ಯದರ್ಶಿ, ಅದನ್ನು ಪರಿಶೀಲಿಸುವ ಸಮಿತಿಯಲ್ಲಿ ಇರುವವರೂ ಕಾರ್ಯದರ್ಶಿಗಳೇ. ಬರೆದವರೇ ಉತ್ತರ ಪತ್ರಿಕೆ ತಿದ್ದಿದರೆ ಫೇಲಾಗುವವರು ಯಾರು?

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅದಕ್ಕೆ ಕೈಹಾಕುವ ಮುನ್ನ ಕಾನೂನಿರಬೇಕು, ಅಗತ್ಯವಿರಬೇಕು, ಕ್ರಮವು ಅಗತ್ಯದ ಅಳತೆ ಮೀರಬಾರದು. ಮೊದಲನೆಯ ಮೆಟ್ಟಿಲನ್ನೇ ನಾವು ಹತ್ತಿಲ್ಲ.

ವಿರೋಧ: ಮೊದಲು ಹುಡುಕಲಿ, ಆಮೇಲೆ ಲೆಕ್ಕ ಕೇಳೋಣ

ಮುಂಬೈ ದಾಳಿಯ ಸಂಚುಕೋರರಲ್ಲೊಬ್ಬನಾದ ದಾವೂದ್ ಗಿಲಾನಿ 2006ರಲ್ಲಿ ಡೇವಿಡ್ ಹೆಡ್ಲಿ ಎಂದು ಹೆಸರು ಬದಲಿಸಿಕೊಂಡ. ಅಮೆರಿಕದ ಪಾಸ್‌ಪೋರ್ಟ್ ಹಿಡಿದು ಮತ್ತೆ ಮತ್ತೆ ಮುಂಬೈಗೆ ಬಂದು, ದಾಳಿಯ ಜಾಗಗಳನ್ನು ಚಿತ್ರೀಕರಿಸಿ ಪಾಕಿಸ್ತಾನಕ್ಕೆ ಮರಳುತ್ತಿದ್ದ. ದಾಳಿ ಮುಗಿದ ಮೇಲೂ, 2009ರ ಮಾರ್ಚ್‌ನಲ್ಲಿ, ಭಾರತಕ್ಕೆ ಬಂದು ಹೋದ. ವೀಸಾ ಒಂದು ಕಡತದಲ್ಲಿ, ಗಡಿ ದಾಟಿದ ಮುದ್ರೆ ಇನ್ನೊಂದರಲ್ಲಿ. ಜೋಡಿಸಿ ನೋಡುವವರು ಇರಲಿಲ್ಲ.

ಪೂರ್ವಾನುಮತಿಯ ತೊಡಕು ಇಲ್ಲೇ ಇದೆ. ನ್ಯಾಯಾಧೀಶರೆದುರು ಶಂಕಿತನ ಹೆಸರನ್ನಾದರೂ ಹೇಳಬೇಕಲ್ಲ. ಹೆಡ್ಲಿಯಂಥವರ ಹೆಸರು ಸಿಗುವುದೇ ಹುಡುಕಾಟದ ಕೊನೆಗೆ. ಮೊಕದ್ದಮೆಗಳ ರಾಶಿಯಡಿ ನಲುಗಿರುವ ನ್ಯಾಯಾಲಯಗಳಿಗೆ ಈ ಅರ್ಜಿಗಳನ್ನೂ ಹೊರಿಸಿದರೆ ಎರಡರಲ್ಲಿ ಒಂದು ಖಚಿತ: ತಡ, ಇಲ್ಲವೇ ಓದದೆ ಒತ್ತುವ ಮೊಹರು. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ತಪ್ಪಿಗೂ ನ್ಯಾಯಾಂಗದ ರಕ್ಷೆ ಸಿಕ್ಕಂತಾಗುತ್ತದೆ.

ಬ್ರಿಟನ್ನನ್ನು ಉದಾಹರಿಸುವವರು ಪೂರ್ತಿ ಉದಾಹರಿಸಲಿ. 2024ರ ತಿದ್ದುಪಡಿ ಅಲ್ಲಿನ ಬಿಗಿಯನ್ನು ಸಡಿಲಿಸಿತು. ಖಾಸಗಿತನದ ನಿರೀಕ್ಷೆ ಕಡಿಮೆಯಿರುವ ದತ್ತಾಂಶದ ಒಂದು ವರ್ಗಕ್ಕೆ ಆಯುಕ್ತರು ಒಪ್ಪಿದರೆ ಸಾಕು, ಅದರೊಳಗಿನ ಪ್ರತಿಯೊಂದಕ್ಕೂ ಮತ್ತೆ ಅವರ ಬಳಿ ಹೋಗಬೇಕಿಲ್ಲ.

ಹುಟ್ಟುಹಬ್ಬದ ಕಾರ್ಡಿನ ಚಾಳಿಗೆ ಮದ್ದು ಬೇರೆ. ಯಾರು, ಯಾವಾಗ, ಯಾಕೆ ಹುಡುಕಿದರು ಎಂಬುದು ಅಳಿಸಲಾಗದಂತೆ ದಾಖಲಾಗಲಿ, ಸಂಸ್ಥೆಗೆ ಸಂಬಂಧವಿಲ್ಲದ ನಿವೃತ್ತ ನ್ಯಾಯಮೂರ್ತಿಯೊಬ್ಬರು ಆ ದಾಖಲೆಯನ್ನು ನಿಯಮಿತವಾಗಿ ತೆರೆದು ನೋಡಲಿ, ದುರುಪಯೋಗಕ್ಕೆ ಜೈಲಾಗಲಿ. ಇಷ್ಟಕ್ಕೆ ಸಂಸತ್ತು ಕಾಯ್ದೆ ಮಾಡುವುದಾದರೆ ನನ್ನ ತಕರಾರಿಲ್ಲ.