ಹಳೆಯ ಆಟೊಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಆಯಿಲ್ ಬದಲಿಸಬೇಕೇ?
ಒಂದು ಲಕ್ಷ ಕಿಲೋಮೀಟರ್ ದಾಟಿದ ಆಟೊಮ್ಯಾಟಿಕ್ ಕಾರಿನಲ್ಲಿ ಒಮ್ಮೆಯೂ ಬದಲಿಸದ ಗೇರ್‌ಬಾಕ್ಸ್ ಆಯಿಲ್ ಅನ್ನು ಮುಟ್ಟದಿರುವುದೇ ಲೇಸು ಎಂಬ ಸಲಹೆಯನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಹೊಸ ಆಯಿಲ್ ಹಾಕಿದ ಬಳಿಕ ಗೇರ್ ಜಾರತೊಡಗಿತು (ಎಂಜಿನ್ ವೇಗವಾಗಿ ತಿರುಗಿದರೂ ಕಾರು ಅದಕ್ಕೆ ತಕ್ಕಂತೆ ಓಡುವುದಿಲ್ಲ) ಎಂಬ ದೂರುಗಳು ಸುಳ್ಳಲ್ಲ. ಆದರೆ ಅಂಥ ಅನೇಕ ಕಾರುಗಳಲ್ಲಿ ಕ್ಲಚ್ ಪ್ಲೇಟುಗಳು ಮೊದಲೇ ಸವೆದಿದ್ದು, ಗೇರ್ ಸರಿಯಾಗಿ ಬೀಳುತ್ತಿಲ್ಲವೆಂಬ ಕಾರಣಕ್ಕೇ ಮಾಲೀಕರು ಆಯಿಲ್ ಬದಲಿಸಲು ಹೋಗಿರುತ್ತಾರೆ ಎಂಬುದನ್ನು ಗಮನಿಸಬೇಕು. ಕಾರು ತಯಾರಕರು 'ಜೀವನಪರ್ಯಂತ' ಎಂದು ಹೇಳುವ ಆಯಿಲ್ ವಿಷಯದಲ್ಲಿಯೂ, ಗೇರ್‌ಬಾಕ್ಸ್ ತಯಾರಿಸುವ ಜೆಡ್‌ಎಫ್ ಕಂಪನಿಯೇ ತನ್ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗಳಿಗೆ 80,000ರಿಂದ 1,20,000 ಕಿಲೋಮೀಟರ್‌ಗೊಮ್ಮೆ ಬದಲಾವಣೆಯನ್ನು ಸೂಚಿಸುತ್ತದೆ.

ಗೇರ್ ಈಗಲೂ ನುಣುಪಾಗಿ ಬದಲಾಗುತ್ತಿದ್ದರೆ, ಯಂತ್ರದ ಒತ್ತಡದಿಂದ ತೊಳೆಸುವ ಫ್ಲಶ್‌ಗೆ ಹೋಗದೆ, ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ ಇಳಿದಷ್ಟನ್ನೇ ಹೊಸದಾಗಿ ತುಂಬುವುದು ಸುರಕ್ಷಿತವೆಂದು ನನ್ನ ಅಭಿಪ್ರಾಯ. ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನಲ್ಲಿ ಸಾಕಷ್ಟು ಹಳೆಯ ಆಯಿಲ್ ಉಳಿಯುವುದರಿಂದ ಬದಲಾವಣೆ ಹಂತಹಂತವಾಗಿ ಆಗುತ್ತದೆ. ಕೆಲವು ಸಾವಿರ ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಹಾಗೆಯೇ ಮಾಡಬಹುದು. ಗೇರ್‌ಬಾಕ್ಸ್‌ನ ತಳದ ಆಯಿಲ್ ತಟ್ಟೆಯನ್ನು (ಪ್ಯಾನ್) ಬಿಚ್ಚಿದಾಗ ಅದರೊಳಗಿನ ಆಯಸ್ಕಾಂತಕ್ಕೆ ನುಣ್ಣನೆಯ ಬೂದು ಪುಡಿ ಅಂಟಿರುವುದು ಸಹಜ. ಲೋಹದ ಚೂರುಗಳು ಕಂಡರೆ ಅಥವಾ ಸುಟ್ಟ ವಾಸನೆಯಿದ್ದು ಗೇರ್ ಜಾರುತ್ತಿದ್ದರೆ, ಆಯಿಲ್‌ಗೆ ಹಣ ಸುರಿಯುವ ಮೊದಲು ರಿಪೇರಿಯ ಖರ್ಚನ್ನು ವಿಚಾರಿಸುವುದು ಒಳಿತು.

ಹಂತದ ಗೇರುಗಳ ಬದಲು ಬೆಲ್ಟ್ ಮತ್ತು ಪುಲ್ಲಿಗಳಿಂದ ಕೆಲಸ ಮಾಡುವ ಸಿವಿಟಿ ಗೇರ್‌ಬಾಕ್ಸ್‌ಗೆ ಸಾಮಾನ್ಯ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಸಲ್ಲದು. ಕೈಪಿಡಿಯಲ್ಲಿ ನಮೂದಿಸಿದ ದರ್ಜೆಯ ಆಯಿಲ್ ಅನ್ನೇ ಹಾಕಿಸಿ, ಅಲ್ಲಿ ಹೇಳಿದ ಉಷ್ಣಾಂಶದಲ್ಲಿಯೇ ಅದರ ಮಟ್ಟವನ್ನು ನೋಡಿಸಿ.